ವಾರಕ್ಕೊಂದೇ ಫೋಟೋ ಅಂದ್ರೆ ಯಾವುದನ್ನ ಇಟ್ಕೊಳ್ಳೋದು?

ಪ್ರಶ್ನೆ: ವಾರಕ್ಕೊಂದರ ಹಾಗೆ ವರ್ಷಪೂರ್ತಿ ಫೋಟೋ ಇಡ್ಬೇಕು ಅಂತ ಶುರು ಮಾಡಿದೀನಿ. ಒಂದೊಂದು ವಾರ ಐವತ್ತು ಅರವತ್ತು ಇರುತ್ತೆ, ಇನ್ನೊಂದು ವಾರ ಒಂದೂ ನೆಟ್ಟಗಿರಲ್ಲ. ಅದ್ರಲ್ಲಿ ಒಂದನ್ನ ಹೇಗೆ ಆರಿಸೋದು?

ಈ ಪ್ರಶ್ನೆ ತುಂಬಾ ಜನ ಕೇಳ್ತಾರೆ, ನಾನೂ ಹೋದ ವರ್ಷ 52 ವಾರ ಇದ್ರಲ್ಲೇ ಒದ್ದಾಡಿದೀನಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಫೋಟೋಗಳನ್ನ ಮುಂದೆ ಇಟ್ಕೊಂಡು ಯಾವುದು ಚೆನ್ನಾಗಿದೆ ಅಂತ ಕೇಳ್ಕೊಂಡ್ರೆ ತಲೆ ಕೆಡುತ್ತೆ. ಇದು ಬೇರೆ ಯಾವ ವಾರದಲ್ಲೂ ಸಿಗ್ತಿರಲಿಲ್ಲ ಅನ್ನೋ ಫೋಟೋ ಯಾವುದು ಅಂತ ಕೇಳ್ಕೊಳ್ಳಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.

ನಂದೇ ಎರಡನೇ ವಾರದ ವಿಷ್ಯ ಹೇಳ್ತೀನಿ. ಜನವರಿ, ಮೈಸೂರು, ಬೆಳಿಗ್ಗೆ ಬೇಗ ಎದ್ದು ಚಾಮುಂಡಿ ಬೆಟ್ಟ ಹತ್ತಿ ಮಂಜಲ್ಲಿ ಸೂರ್ಯ ಹುಟ್ಟೋದನ್ನ ತೆಗೆದಿದ್ದೆ, ಬಣ್ಣ ಎಲ್ಲಾ ಸಖತ್ತಾಗಿ ಬಂದಿತ್ತು. ಅದೇ ವಾರ ಒಂದು ಸಂಜೆ ಅಮ್ಮ ಅಡುಗೆಮನೆ ನೆಲದಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕ್ತಿದ್ರು, ಹೆಬ್ಬೆರಳು ಒತ್ತಿದ ತಕ್ಷಣ ಬೇಳೆ ಪುಳಕ್ ಅಂತ ಸ್ಟೀಲ್ ಬೇಸಿನ್‌ಗೆ ಹಾರೋದು, ಸಿಪ್ಪೆ ಬೆರಳಿಗೇ ಅಂಟ್ಕೊಳ್ಳೋದು, ಒಂದು ಸಿಪ್ಪೆ ಹೋಗಿ ಬಳೆ ಮೇಲೆ ಕೂತಿತ್ತು. ಟ್ಯೂಬ್‌ಲೈಟ್ ಬೆಳಕು, ಸ್ವಲ್ಪ ಶೇಕ್ ಬೇರೆ ಆಗಿತ್ತು. ನಾನು ಇಟ್ಕೊಂಡಿದ್ದು ಸೂರ್ಯನ್ನ.

ಏನಾಯ್ತು ಅಂದ್ರೆ, ಮೂರ್ನಾಲ್ಕು ತಿಂಗಳಾದ ಮೇಲೆ ಎಲ್ಲಾ ಒಟ್ಟಿಗೆ ನೋಡಿದಾಗ ಆ ಸೂರ್ಯ ಯಾವ ವಾರದ್ದು ಬೇಕಾದ್ರೂ ಆಗಿರಬಹುದಿತ್ತು ಅನ್ನಿಸ್ತು. ಅವರೆಕಾಯಿ ಹಂಗಲ್ಲ, ಅದಕ್ಕೆ ಅಂತ ಒಂದು ಕಾಲ ಇದೆ, ಆ ಬೇಸಿನ್ ಕಂಡ್ರೆ ಸಾಕು ಚಳಿ, ಮನೆ ತುಂಬಾ ಸೊಗಡಿನ ವಾಸನೆ, ಎಲ್ಲಾ ವಾಪಸ್ ಬರುತ್ತೆ.

ಅಮೆರಿಕದ ಫೋಟೋಗ್ರಾಫರ್ ನಿಕೊಲಸ್ ನಿಕ್ಸನ್ 1975ರಿಂದ ಶುರು ಮಾಡಿ ದಶಕಗಟ್ಟಲೆ ತಮ್ಮ ಹೆಂಡತಿ ಮತ್ತೆ ಅವರ ಮೂರು ಜನ ಅಕ್ಕತಂಗಿಯರನ್ನ ವರ್ಷಕ್ಕೊಂದು ಫೋಟೋದಲ್ಲಿ ಹಿಡಿದ್ರು, ಪ್ರತಿ ಸಲವೂ ನಾಲ್ಕು ಜನ ಅದೇ ಸಾಲಲ್ಲಿ ನಿಂತಿರ್ತಾರೆ. ಒಂದನ್ನೇ ನೋಡಿದ್ರೆ ನಾಲ್ಕು ಹೆಂಗಸರು ನಿಂತಿದ್ದಾರೆ ಅಷ್ಟೇ, ಸಾಲಾಗಿ ನೋಡಿದ್ರೆ ವಯಸ್ಸು ಕಣ್ಣೆದುರೇ ನಡ್ಕೊಂಡು ಹೋಗುತ್ತೆ. ನಿಮ್ಮ ಫೋಟೋನೂ ಒಂಟಿಯಾಗಿ ಇರಲ್ಲ, ಹಿಂದಿನ ವಾರದ್ದರ ಪಕ್ಕ ಕೂರುತ್ತೆ, ಅದಕ್ಕೇ ಆರಿಸೋ ಮುಂಚೆ ಹಿಂದಿನ ಮೂರು ನಾಲ್ಕು ವಾರದ್ದು ಒಮ್ಮೆ ನೋಡಿ. ಸತತ ಮೂರು ವಾರ ಕಾಫಿ ಲೋಟವೇ ಬಂದಿದ್ರೆ ನಾಲ್ಕನೇದು ಬೇಡ.

ಕೆಲಸದ ರೀತಿ ಸಿಂಪಲ್. ತೆಗೆದ ದಿನವೇ ಇಷ್ಟ ಆಗಿದ್ದಕ್ಕೆ ಗ್ಯಾಲರಿಯಲ್ಲಿ ಹಾರ್ಟ್ ಒತ್ತಿಬಿಡಿ, ಭಾನುವಾರ ರಾತ್ರಿ ಬರೀ ಅವನ್ನ ಮಾತ್ರ ತೆಗೆದು ನೋಡಿ, ಐದಕ್ಕೆ ಇಳಿಸಿ, ಆಮೇಲೆ ಸ್ಕ್ರೀನಲ್ಲಿ ಚಿಕ್ಕದಾಗಿ ಮಾಡಿ ನೋಡಿ. ಉಗುರಿನಷ್ಟು ಸೈಜಲ್ಲೂ ಏನು ನಡೀತಿದೆ ಅಂತ ಗೊತ್ತಾಗ್ತಿದ್ರೆ ಅದು ನಿಲ್ಲುತ್ತೆ. ಲೈಕ್ ಎಷ್ಟು ಬಂತು ಅಂತ ನೋಡ್ಕೊಂಡು ಆರಿಸ್ಬೇಡಿ, ಇದನ್ನ ತುಂಬಾ ಮನಸ್ಸಿಟ್ಟು ಹೇಳ್ತಿದೀನಿ, ವರ್ಷ ನಿಮ್ಮದು. ಇನ್ನೊಂದು, ವಾಟ್ಸಾಪಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಸೈಜೂ ಕುಗ್ಗುತ್ತೆ, ತೆಗೆದ ತಾರೀಖಿನ ಮಾಹಿತಿನೂ ಹೋಗುತ್ತೆ, ಅದಕ್ಕೇ ಒರಿಜಿನಲ್ಲನ್ನೇ ಬೇರೆ ಆಲ್ಬಮ್‌ಗೆ ಹಾಕಿ, ವಾರದ ನಂಬರ್ ಜೊತೆ ಒಂದು ಸಾಲು ಬರೆದಿಡಿ. ಅಂದಹಾಗೆ 52 ವಾರ ಅಂದ್ರೆ 364 ದಿನ, ಉಳಿಯೋ ಒಂದು ದಿನವನ್ನ ಕೊನೇ ವಾರಕ್ಕೇ ಸೇರಿಸ್ಕೊಳ್ಳಿ.

ಒಂದೂ ಇಲ್ಲದ ವಾರ? ಹಳೇ ಫೋಟೋ ತಂದು ತುಂಬಿಸ್ಬೇಡಿ, ದಯವಿಟ್ಟು. ಭಾನುವಾರ ರಾತ್ರಿ ಹನ್ನೊಂದಾಗಿದ್ರೂ ಎದ್ದು ಮನೇಲಿ ಏನಿದ್ಯೋ ಅದನ್ನೇ ತೆಗೀರಿ. ಜುಲೈಯಲ್ಲಿ ನಂಗೆ ಜ್ವರ ಬಂದು ಒಂದು ವಾರ ಮಲಗಿದ್ದೆ, ಆ ವಾರದ ಫೋಟೋ ಅಂದ್ರೆ ಕಿಟಕಿ ಕಟ್ಟೆ ಮೇಲಿನ ಮಾತ್ರೆ ಶೀಟು, ಅದ್ರಲ್ಲಿ ಎರಡೇ ಮಾತ್ರೆ ಉಳಿದಿರುತ್ತೆ. ಈಗ ನೋಡಿದ್ರೆ ಆ ವಾರಕ್ಕೆ ಅದಕ್ಕಿಂತ ಸರಿಯಾದ್ದು ಇನ್ನೇನಿತ್ತು ಅನ್ಸುತ್ತೆ.

ಎರಡು ಫೋಟೋ ಸಮಸಮ ಅನ್ನಿಸಿದ್ರೆ ಒಂದನ್ನ ಇಟ್ಟು ಇನ್ನೊಂದನ್ನ ಬೇರೆ ಫೋಲ್ಡರ್‌ಗೆ ಹಾಕಿ, ಡಿಸೆಂಬರ್ ತನಕ ಅದನ್ನ ತೆಗೀಲೇಬೇಡಿ. ಆಗ ಬೇಕಿದ್ರೆ ಬದಲಾಯಿಸ್ಬಹುದು. ನಾನು ಬದಲಾಯಿಸಿದ್ದು ಮೂರೇ ಮೂರು, ಎರಡನೇ ವಾರದಲ್ಲಿ ಈಗ ಅಮ್ಮನ ಕೈ ಇದೆ.