ಮದುವೆಯ ಉಂಗುರ, ಕದ್ದ ಟಿಕೆಟ್ಟು ಮತ್ತು ಮೈಸೂರಿಗರ ಉತ್ತರ

ಆಪ್ತ ಗೆಳೆಯನ ಮದುವೆಗೆ ಉಂಗುರಗಳನ್ನು ಒಯ್ಯುತ್ತಿದ್ದವನ ಹಣ ದಾರಿಯಲ್ಲಿ ಕಳುವಾಗುತ್ತದೆ. ಈ ರೈಲು ತಪ್ಪಿದರೆ ಉಂಗುರಗಳು ಸಮಯಕ್ಕೆ ತಲುಪುವುದಿಲ್ಲ. ಬೇರೊಬ್ಬ ಪ್ರಯಾಣಿಕನ ಕೋಟಿನಲ್ಲಿ ಟಿಕೆಟ್ಟು ಕಾಣುತ್ತಿದೆ. ಅವನು ಅದನ್ನು ಕದಿಯಬೇಕೇ, ಗೆಳೆಯನನ್ನು ಕೈಬಿಡಬೇಕೇ?

ಮನೋವಿಜ್ಞಾನಿಗಳಾದ ಜೋನ್ ಮಿಲ್ಲರ್ ಮತ್ತು ಡೇವಿಡ್ ಬೆರ್ಸಾಫ್ ಇಂಥ ಇಕ್ಕಟ್ಟುಗಳನ್ನು ಅಮೆರಿಕದ ನ್ಯೂ ಹೇವನ್ ಮತ್ತು ನಮ್ಮ ಮೈಸೂರಿನ ಜನರ ಮುಂದಿಟ್ಟು, ಫಲಿತಾಂಶವನ್ನು 1992ರಲ್ಲಿ ಪ್ರಕಟಿಸಿದರು. ಅಮೆರಿಕನ್ನರು ಹೆಚ್ಚಾಗಿ ಕದಿಯಬಾರದೆಂದರೆ, ಮೈಸೂರಿಗರು ಹೆಚ್ಚಾಗಿ ಗೆಳೆಯನಿಗೆ ಸಲ್ಲಬೇಕಾದ ಕರ್ತವ್ಯವನ್ನೇ ಮೇಲಾಗಿಸಿದರು. ಇದನ್ನು ಕೇಳಿದೊಡನೆ ‘ನಮ್ಮವರಿಗೆ ಕಾನೂನಿನ ಗೌರವವಿಲ್ಲ’ ಎಂದು ಹಳಿಯುವವರೂ ‘ನಮ್ಮದೇ ಶ್ರೇಷ್ಠ ಸಂಸ್ಕೃತಿ’ ಎಂದು ಬೀಗುವವರೂ ಎದ್ದು ನಿಲ್ಲುತ್ತಾರೆ. ಇಬ್ಬರೂ ಫಲಿತಾಂಶವನ್ನು ಸರಿಯಾಗಿ ಓದಿರುವುದಿಲ್ಲ. ಕಳವು ತಪ್ಪೆಂಬುದರಲ್ಲಿ ಮೈಸೂರಿಗರಿಗೆ ಸಂಶಯವಿರಲಿಲ್ಲ, ಗೆಳೆತನ ದೊಡ್ಡದೆಂಬುದರಲ್ಲಿ ಅಮೆರಿಕನ್ನರಿಗೂ ಇರಲಿಲ್ಲ.

ವ್ಯತ್ಯಾಸವಿರುವುದು ಗಡಿಯಲ್ಲಿ. ಇದೇ ತಂಡದ 1990ರ ಅಧ್ಯಯನದಲ್ಲಿ, ಪ್ರಾಣಾಪಾಯದಲ್ಲಿರುವವರಿಗೆ ನೆರವಾಗುವುದು ಕರ್ತವ್ಯವೆಂದು ಎರಡೂ ಕಡೆಯವರು ಒಪ್ಪಿದರು. ಅಗತ್ಯ ಚಿಕ್ಕದಾಗಿ, ಕೇಳುವವನು ಅಪರಿಚಿತನಾದಾಗ, ನೆರವಾಗುವುದು ಬಿಡುವುದು ಅವರವರ ಇಷ್ಟವೆಂದು ಅಮೆರಿಕನ್ನರು ಹೇಳತೊಡಗಿದರು. ಭಾರತೀಯರು ಅಲ್ಲಿಯೂ ಅದನ್ನು ಕರ್ತವ್ಯವೆಂದೇ ಎಣಿಸಿದರು. ಹೊಲ ಒಂದೇ, ಬೇಲಿ ಹಾಕಿದ ಜಾಗ ಮಾತ್ರ ಬೇರೆ.

ಈ ಬೇಲಿಯನ್ನು ಮನೋವಿಜ್ಞಾನ ಬಹುಕಾಲ ಗಮನಿಸಲಿಲ್ಲ ಎಂಬುದಕ್ಕೆ ಇತಿಹಾಸವಿದೆ. ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ 1950ರ ದಶಕದಲ್ಲಿ ಷಿಕಾಗೋದ ಹುಡುಗರನ್ನು ಮಾತನಾಡಿಸಿ ನೈತಿಕ ಬೆಳವಣಿಗೆಗೆ ಆರು ಮೆಟ್ಟಿಲುಗಳ ಏಣಿಯನ್ನು ಕಟ್ಟಿದರು. ಆಪ್ತರ ನಿರೀಕ್ಷೆಗೆ ತಕ್ಕಂತೆ ನಡೆಯುವುದು ಅದರಲ್ಲಿ ಮೂರನೆಯ ಮೆಟ್ಟಿಲು. ಅಮೂರ್ತ ನ್ಯಾಯತತ್ತ್ವ ತುತ್ತತುದಿಯದು. ಸಂಬಂಧದ ಋಣವನ್ನು ಪೂರ್ಣ ಪ್ರಮಾಣದ ನೀತಿಯೆಂದು ವಾದಿಸುವ ಪ್ರೌಢನೊಬ್ಬ ಈ ಏಣಿಯಲ್ಲಿ ಅರ್ಧಕ್ಕೇ ನಿಂತವನಂತೆ ಕಾಣಿಸಿದರೆ, ಅದು ಅವನ ಬುದ್ಧಿಯ ಕೊರತೆಯಲ್ಲ, ಏಣಿಯ ಕೊರತೆ.

ಆದರೆ ಭಾರತೀಯರ ಹೃದಯ ವಿಶಾಲವೆಂದು ಇದರಿಂದ ತೀರ್ಮಾನಿಸುವುದೂ ಅವಸರವೇ. 1998ರಲ್ಲಿ ಅದೇ ಇಬ್ಬರು ಸಂಶೋಧಕರು ತೋರಿಸಿದಂತೆ, ಒಡಹುಟ್ಟಿದವರ ಬಗ್ಗೆ ಒಲವಿಲ್ಲದಿದ್ದರೆ ಅವರಿಗೆ ನೆರವಾಗುವ ಹೊಣೆಯೂ ಕಡಿಮೆಯೆಂದು ಅಮೆರಿಕನ್ನರು ಭಾವಿಸಿದರೆ, ಭಾರತೀಯರ ದೃಷ್ಟಿಯಲ್ಲಿ ಒಲವು ಇದ್ದರೂ ಇಲ್ಲದಿದ್ದರೂ ಹೊಣೆ ಅಷ್ಟೇ ಇತ್ತು. ತಮ್ಮನೊಡನೆ ಮಾತು ಬಿಟ್ಟ ಅಣ್ಣನೂ ತಮ್ಮನ ಆಸ್ಪತ್ರೆಯ ಖರ್ಚಿಗೆ ಗೊಣಗುತ್ತಲೇ ಹಣ ಹೊಂದಿಸುವುದು ಈ ಲೆಕ್ಕದಲ್ಲಿ ಔದಾರ್ಯವಲ್ಲ, ತಪ್ಪಿಸಿಕೊಳ್ಳಲಾಗದ ಬಾಕಿ.