ಪೇಶ್ವೆ ಪಟ್ಟದಿಂದ ರಾಜಧನದವರೆಗೆ: ರಾಜ್ಯಶಾಸ್ತ್ರದ ಒಂದು ಟಿಪ್ಪಣಿ

ಪುಣೆಯಲ್ಲಿ ಕೂತು ಕನ್ನಡದಲ್ಲಿ ಪರೀಕ್ಷೆಗೆ ಓದುವ ನಮಗೆ ವಂಶಾಡಳಿತದ ಉದಾಹರಣೆ ಬೇಕೆಂದರೆ ಬಸ್ ಹತ್ತಿ ಪೇಶ್ವೆಗಳ ಅರಮನೆ ಶನಿವಾರವಾಡೆಗೆ ಹೋದರೆ ಸಾಕು. ಪೇಶ್ವೆ ಅಂದರೆ ರಾಜ ಅಲ್ಲ, ಮರಾಠಾ ರಾಜನಾದ ಛತ್ರಪತಿಯ ಪ್ರಧಾನಿ. 1713ರಲ್ಲಿ ಬಾಳಾಜಿ ವಿಶ್ವನಾಥರಿಗೆ ಆ ಹುದ್ದೆ ಸಿಕ್ಕಿತು. 1720ರಲ್ಲಿ ಅವರು ತೀರಿಕೊಂಡಾಗ ಮಗ ಬಾಜೀರಾವ್‌ಗೆ ಹೋಯಿತು. ಆಮೇಲೆ ಅದು ಮನೆತನದ ಆಸ್ತಿಯೇ ಆಯಿತು.

ಬಾಜೀರಾವ್ ಸಮರ್ಥ, ಒಪ್ಪೋಣ. ಆದರೆ 1774ಕ್ಕೆ ಬನ್ನಿ. ಹಿಂದಿನ ವರ್ಷವಷ್ಟೇ ಪೇಶ್ವೆ ನಾರಾಯಣರಾವ್ ಕೊಲೆಯಾಗಿದ್ದರು. ಅವರ ಹೆಂಡತಿ ಗಂಗಾಬಾಯಿ ಪುರಂದರ ಕೋಟೆಯಲ್ಲಿ ಹೆತ್ತ ಗಂಡು ಕೂಸಿಗೆ ನಲವತ್ತು ದಿನಕ್ಕೇ ಪೇಶ್ವೆ ಪಟ್ಟ ಕಟ್ಟಿದರು. ಕತ್ತು ನಿಲ್ಲದ ಮಗು ಪ್ರಧಾನಿ! ನಿಜಕ್ಕೂ ಆಳಿದ್ದು ಮಂತ್ರಿ ನಾನಾ ಫಡ್ನವೀಸ್ ಮತ್ತು ಜೊತೆಗಾರರು. ನಾನಾ ಜಾಣರೇ. ಆದರೆ ಅವರನ್ನು ಲೆಕ್ಕ ಕೇಳಲು, ಬೇಡವಾದರೆ ಇಳಿಸಲು ಹಳ್ಳಿಯ ರೈತನಿಗೆ ಯಾವ ದಾರಿಯೂ ಇರಲಿಲ್ಲ.

ಹಾಗಾಗಿ ಪರೀಕ್ಷೆಯ ಉತ್ತರದಲ್ಲಿ ರಾಜ ಒಳ್ಳೆಯವನೋ ಕೆಟ್ಟವನೋ ಅಂತ ಸುಮ್ನೆ ಪುಟ ತುಂಬಿಸಬೇಡಿ. ಇಳಿಸುವ ದಾರಿ ಇದೆಯಾ ಅನ್ನೋದೇ ಮುಖ್ಯ. ಇಂದಿನ ಕೇಂದ್ರ ಮಂತ್ರಿಮಂಡಲ ಸಂವಿಧಾನದ 75(3)ನೇ ವಿಧಿಯಂತೆ ಲೋಕಸಭೆಗೆ ಹೊಣೆ. ಅಲ್ಲಿ ವಿಶ್ವಾಸ ಕಳೆದುಕೊಂಡರೆ ಕುರ್ಚಿ ಬಿಡಬೇಕು.

ಹಾಗಾದರೆ ಚುನಾವಣೆ ಇದ್ದರೆ ಸಾಕಾ? ಸಾಲದು, ಗೆದ್ದ ಸರ್ಕಾರ ಕಾನೂನು ಮೀರಿದರೆ ತಡೆಯಲು ಕೋರ್ಟೂ ಬೇಕು. ಇದಕ್ಕೆ ರಾಜಧನದ (ಭಾರತಕ್ಕೆ ಸೇರಿದ ಸಂಸ್ಥಾನಗಳ ಮಾಜಿ ರಾಜರಿಗೆ ಸರ್ಕಾರ ವರ್ಷವರ್ಷ ಕೊಡುತ್ತಿದ್ದ ಹಣ) ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. 1970ರಲ್ಲಿ ರಾಜಧನ ನಿಲ್ಲಿಸುವ ತಿದ್ದುಪಡಿ ರಾಜ್ಯಸಭೆಯಲ್ಲಿ ಕೂದಲೆಳೆಯಲ್ಲಿ ಬಿದ್ದುಹೋಯಿತು. ಸರ್ಕಾರ ಅಡ್ಡದಾರಿ ಹಿಡಿಯಿತು. ರಾಷ್ಟ್ರಪತಿ ಆದೇಶದ ಮೂಲಕ ಮಾಜಿ ರಾಜರೆಲ್ಲರ ಮಾನ್ಯತೆಯನ್ನೇ ತೆಗೆದುಹಾಕಿತು. ಗ್ವಾಲಿಯರ್ ರಾಜಮನೆತನದ ಮಾಧವರಾವ್ ಸಿಂಧಿಯಾ ಮೊದಲಾದವರು, ಮೂಲಭೂತ ಹಕ್ಕಿಗಾಗಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲು ಬಿಡುವ 32ನೇ ವಿಧಿಯಡಿ, ಅಲ್ಲಿಗೆ ಹೋದರು. ಅವರ ಪರ ವಾದಿಸಿದವರಲ್ಲಿ ಮುಂಬೈನ ವಕೀಲ ನಾನಿ ಪಾಲ್ಖಿವಾಲಾ ಇದ್ದರು. ಡಿಸೆಂಬರ್‌ನಲ್ಲಿ ಕೋರ್ಟು ಆದೇಶವನ್ನು ರದ್ದುಮಾಡಿತು.

ಮಜಾ ನೋಡಿ. ರಾಜರು ಕೋರ್ಟಿನ ಬಾಗಿಲು ತಟ್ಟಿದ್ದು ಮೂಲಭೂತ ಹಕ್ಕಿನ ಹೆಸರಲ್ಲಿ. ಅವರ ಅಜ್ಜಂದಿರ ಸಂಸ್ಥಾನಗಳಲ್ಲಿ ಪ್ರಜೆಗಳಿಗೆ ಅಂಥ ಬಾಗಿಲು ಇತ್ತಾ?

1971ರ ಚುನಾವಣೆ ಗೆದ್ದ ಸರ್ಕಾರ ಈ ಸಲ ನೆಟ್ಟಗಿನ ದಾರಿಯಲ್ಲಿ, ಎರಡೂ ಸದನಗಳಲ್ಲಿ ಬೇಕಾದ ಬಹುಮತ ಪಡೆದು, 26ನೇ ತಿದ್ದುಪಡಿ ತಂದಿತು. ರಾಜಧನದ 291ನೇ ವಿಧಿ, ರಾಜರ ಸವಲತ್ತುಗಳ 362ನೇ ವಿಧಿ ಹೋದವು, ರಾಜರ ಮಾನ್ಯತೆ ಮತ್ತು ರಾಜಧನ ಎರಡನ್ನೂ ಕೊನೆಗಾಣಿಸುವ 363ಎ ಬಂತು. ನನ್ನ ಪ್ರಕಾರ ಕೋರ್ಟು ಮಾಡಿದ್ದೂ ಸರಿ, ರಾಜಧನ ಹೋದದ್ದೂ ಸರಿ.

ಬಹುಆಯ್ಕೆ ಪ್ರಶ್ನೆಯಲ್ಲಿ ಇದನ್ನು 18ನೇ ವಿಧಿಯ ಜೊತೆ ಬೆರೆಸಬೇಡಿ. ಅದು ಬಿರುದುಗಳ ರದ್ದತಿಗೆ ಸಂಬಂಧಿಸಿದ್ದು, 1950ರಿಂದಲೂ ಸಂವಿಧಾನದಲ್ಲಿದೆ.