ನಿಜ ಘಟನೆಯ ನಾಟಕಕ್ಕೆ ಎಷ್ಟು ಮಂದಿ ಲೇಖಕರು?

ಪೋಸ್ಟರಿನಲ್ಲಿ ‘ನಿಜ ಘಟನೆ ಆಧಾರಿತ’ ಅಂತ ಒಂದು ಸಾಲು ಹಾಕಿದ ಕೂಡಲೇ ನಾಟಕ ತಂಡದ ಪ್ರತಿಯೊಬ್ಬರ ಮೇಲೂ ಒಂದು ಹೊಣೆ ಬೀಳುತ್ತದೆ. ಸಾಮಾನ್ಯವಾಗಿ ನಾವು ಆ ಹೊಣೆಯನ್ನು ನಾಟಕಕಾರರ ತಲೆಗೆ ಕಟ್ಟಿಬಿಡುತ್ತೇವೆ. ಹುಡುಕಾಟ ಅವರದ್ದು, ಸರಿ ತಪ್ಪು ಅವರದ್ದು, ಉಳಿದವರು ಸ್ಕ್ರಿಪ್ಟಿಗೆ ತಕ್ಕ ಹಾಗೆ ಮಾಡಿದರಾಯಿತು ಅಂತ. ಆದರೆ ಪ್ರೇಕ್ಷಕರು ಕಿವಿಗೆ ಬಿದ್ದ ಮಾತಿಗಿಂತ ಮೊದಲು ಕಣ್ಣಿಗೆ ಕಂಡದ್ದನ್ನು ನಂಬುತ್ತಾರೆ. ಸಿಪಾಯಿಯ ಅಂಗಿಯ ಬಣ್ಣ, ಮನೆಯ ಮಾಡು, ದೀಪದ ಬೆಳಕು, ಎಲ್ಲವೂ ‘ಆಗ ಹೀಗಿತ್ತು’ ಅಂತ ಹೇಳುತ್ತಿರುತ್ತವೆ. ಹಾಗಾಗಿ ಬಟ್ಟೆ ಹೊಲಿಸಿದವರೂ ಬೆಳಕು ಕಟ್ಟಿದವರೂ ಆ ನಾಟಕದ ಲೇಖಕರೇ ಅಂತ ನನ್ನ ನಂಬಿಕೆ. ರಂಗಭೂಮಿ ಕಲಿಯುತ್ತಿರುವ ಗೆಳೆಯರಿಗಾಗಿ ಅದನ್ನು ಒಂದೊಂದು ಕೆಲಸವಾಗಿ ಬಿಡಿಸಿ ನೋಡುತ್ತೇನೆ.

ಉದಾಹರಣೆಗೆ ದೂರ ಹೋಗುವುದು ಬೇಡ. ಮಂಗಳೂರಿನ ಬಾವುಟಗುಡ್ಡವನ್ನೇ ತೆಗೆದುಕೊಳ್ಳೋಣ. 1837ರಲ್ಲಿ ನಡೆದದ್ದನ್ನು ನಾವು ನಾಟಕ ಮಾಡುತ್ತೇವೆ ಅಂತ ಇಟ್ಟುಕೊಳ್ಳಿ.

ಘಟನೆ ಚುಟುಕಾಗಿ ಹೀಗಿದೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಕೆಳಗಿಳಿಸಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಕಡೆಯ ಸೀಮೆ ಕೆನರಾ ಜಿಲ್ಲೆಗೆ ಬಂತು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಕಂಪನಿ ನಗದಾಗಿ ಕೇಳಿತು. ರೈತರಿಗೆ ಅದು ದೊಡ್ಡ ಹೊಡೆತ. 1837ರ ಮಾರ್ಚ್ ಕೊನೆಗೆ ಸುಳ್ಯದ ಕಡೆ ಜನ ಎದ್ದರು. ಮುಂದಾಳು ಕೆದಂಬಾಡಿ ರಾಮಯ್ಯ ಗೌಡರು. ಪುಟ್ಟಬಸಪ್ಪ ಎಂಬಾತ ಕೊಡಗಿನ ಹಾಲೇರಿ ಅರಸು ಮನೆತನದ ಕಲ್ಯಾಣಸ್ವಾಮಿ ಅನ್ನುವ ಹೆಸರಿನಲ್ಲಿ ಮುಂದೆ ನಿಂತ. ಬೆಳ್ಳಾರೆಯ ಖಜಾನೆ ವಶವಾಯಿತು. ಏಪ್ರಿಲ್ 5ಕ್ಕೆ ದಂಡು ಮಂಗಳೂರು ಹೊಕ್ಕಿತು, ಈ ಗುಡ್ಡದ ಮೇಲೆ ತನ್ನ ಬಾವುಟ ಏರಿಸಿತು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಆಮೇಲೆ ಕಂಪನಿಯ ಸೈನ್ಯ ಬಂತು, ಬಿಕರ್ನಕಟ್ಟೆಯಲ್ಲಿ ಗಲ್ಲು ನೆಟ್ಟಿತು.

ಇಷ್ಟನ್ನು ಎದುರಿಗೆ ಇಟ್ಟುಕೊಂಡು ನಾಟಕಕಾರರಿಂದ ಶುರು ಮಾಡೋಣ.

ಬರೆದಿಟ್ಟ ದಾಖಲೆ ಜಾಸ್ತಿ ಇರುವುದು ಗೆದ್ದವರ ಕಡೆ. ಕಂಪನಿಯ ಪತ್ರಗಳಿಗೆ ಇದು ದಂಗೆ. ಅದನ್ನು ಬರೆದವನಿಗೆ ಮೇಲಿನವರ ಎದುರು ತನ್ನ ಕೆಲಸ ಉಳಿಸಿಕೊಳ್ಳುವ ಚಿಂತೆಯೂ ಇರುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಿಂದಲೇ ಮಂಗಳೂರಿನಲ್ಲಿದ್ದರು, ಅವರದ್ದು ಇನ್ನೊಂದು ನೋಟ. ಸೋತವರ ಕಡೆಯಿಂದ ನಮಗೆ ಉಳಿದದ್ದು ಹೆಚ್ಚಾಗಿ ಬಾಯಿಮಾತು. ಸುಳ್ಯದ ಮನೆತನಗಳ ನೆನಪು, ಈ ಘಟನೆಯನ್ನೇ ಕಲ್ಯಾಣಸ್ವಾಮಿಯ ಹೆಸರಿನಿಂದ ಅಜ್ಜಂದಿರು ‘ಕಲ್ಯಾಣಪ್ಪನ ಕಾಟಕಾಯಿ’ ಅಂತ ಹೇಳಿಕೊಂಡು ಬಂದ ಕತೆ. ಬಾಯಿಮಾತಿನಲ್ಲಿ ತಾರೀಕು ಜಾರುತ್ತದೆ, ಆದರೆ ಯಾರಿಗೆ ಎಷ್ಟು ನೋವಾಯಿತು ಅನ್ನುವುದು ಜಾರುವುದಿಲ್ಲ. ದಿನಾಂಕಕ್ಕೆ ಕಾಗದ ನೋಡಬೇಕು, ಮನಸ್ಸಿಗೆ ಮಾತು ಕೇಳಬೇಕು. ಎರಡೂ ಬೇರೆ ಹೇಳಿದಾಗ ಆ ಜಗಳವನ್ನು ಮುಚ್ಚಿಡದೆ ರಂಗದ ಮೇಲೇ ತಂದರೆ ನಾಟಕಕ್ಕೆ ಬಲ ಬರುತ್ತದೆ. ಒಂದೇ ಘಟನೆಯನ್ನು ಗುಮಾಸ್ತ ಒಂದು ಥರ ಓದುತ್ತಾನೆ, ಅಜ್ಜಿ ಇನ್ನೊಂದು ಥರ ಹೇಳುತ್ತಾಳೆ. ಇಡೀ ದೃಶ್ಯವೇ ಸಿಕ್ಕಿತಲ್ವಾ?

ಭಾಷೆಯ ಪ್ರಶ್ನೆ ಇನ್ನೂ ಕಷ್ಟದ್ದು. ಸುಳ್ಯದ ಗೌಡರ ಮನೆಯಲ್ಲಿ ಅರೆಭಾಷೆ. ದಾರಿಯುದ್ದಕ್ಕೂ ತುಳು. ಮಂಗಳೂರಿನ ಪೇಟೆಯಲ್ಲಿ ಕೊಂಕಣಿ, ಬ್ಯಾರಿ. ಎಲ್ಲರಿಗೂ ಪುಸ್ತಕದ ಕನ್ನಡ ಕೊಟ್ಟರೆ ನಾಟಕ ಸಲೀಸಾಗಿ ಸಾಗುತ್ತದೆ, ಆದರೆ ಊರೇ ಕಾಣೆಯಾಗುತ್ತದೆ. ನನಗೆ ಸರಿ ಅನಿಸುವ ದಾರಿ ಇದು: ಸಭೆಯ ಮಾತು ಕನ್ನಡದಲ್ಲಿರಲಿ, ಮನೆಯೊಳಗಿನ ಮಾತು, ಬೈಗುಳ, ಅಳು ಅವರವರ ಭಾಷೆಯಲ್ಲೇ ಬರಲಿ. ಮಂಗಳೂರು, ಉಡುಪಿಯ ಪ್ರೇಕ್ಷಕರಿಗೆ ಅದು ಅರ್ಥವಾಗುತ್ತದೆ. ಅರ್ಥವಾಗದ ಕಡೆ ನಟರ ಮುಖ ನೋಡಿ ತಿಳಿದುಕೊಳ್ಳುತ್ತಾರೆ.

ನಾಟಕಕಾರರು ಒಬ್ಬರೇ ಆಗಿರಬೇಕು ಅಂತಲೂ ಇಲ್ಲ. ಅಮೆರಿಕದ ‘ದಿ ಲಾರಮಿ ಪ್ರಾಜೆಕ್ಟ್’ ಇದಕ್ಕೆ ಒಳ್ಳೆಯ ಪಾಠ. 1998ರಲ್ಲಿ ವಯೋಮಿಂಗ್ ರಾಜ್ಯದ ಲಾರಮಿ ಊರಿನಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ ವಿದ್ಯಾರ್ಥಿಯ ಕೊಲೆಯಾಯಿತು. ಅವನು ಸಲಿಂಗಿ ಎನ್ನುವ ಕಾರಣಕ್ಕೆ ನಡೆದ ದ್ವೇಷದ ಕೊಲೆ ಅದು. ನ್ಯೂಯಾರ್ಕಿನ ಟೆಕ್ಟಾನಿಕ್ ಥಿಯೇಟರ್ ಪ್ರಾಜೆಕ್ಟ್ ತಂಡ, ನಿರ್ದೇಶಕ ಮೊಯ್ಸಿಸ್ ಕಾಫ್‌ಮನ್ ಜೊತೆ ಆ ಊರಿಗೆ ಹೋಗಿ 200ಕ್ಕೂ ಹೆಚ್ಚು ಸಂದರ್ಶನ ಮಾಡಿತು. ಹೋದವರು ನಟರೇ. ಕೇಳಿದವರೂ ಅವರೇ, ಬರಹಕ್ಕೆ ಕೈ ಹಚ್ಚಿದವರೂ ಅವರೇ. 2000ದಲ್ಲಿ ಡೆನ್ವರ್‌ನಲ್ಲಿ ಮೊದಲ ಪ್ರದರ್ಶನ. ಎಂಟು ನಟರು ಅರುವತ್ತಕ್ಕೂ ಹೆಚ್ಚು ಪಾತ್ರ ಮಾಡಿದರು. ತಾವು ಎದುರಿಗೆ ಕೂತು ಮಾತಾಡಿಸಿದ ಮನುಷ್ಯನನ್ನೇ ರಂಗದ ಮೇಲೆ ತರುವಾಗ ನಟನಿಗೆ ಅವನ ದನಿಯನ್ನು ಅಣಕ ಮಾಡಲು ಮನಸ್ಸು ಬರುವುದಿಲ್ಲ. 1837ರವರನ್ನು ಮಾತಾಡಿಸಲು ನಮಗೆ ಆಗುವುದಿಲ್ಲ. ಆದರೆ ಸುಳ್ಯ, ಬೆಳ್ಳಾರೆಗೆ ನಾಟಕಕಾರರ ಜೊತೆ ನಟರೂ ಹೋಗಬಹುದು. ಆ ಗುಡ್ಡ ಹತ್ತಿ ಇಳಿದ ಕಾಲು ರಂಗದ ಮೇಲೆ ಬೇರೆ ಥರ ನಡೆಯುತ್ತದೆ.

ಈಗ ರಂಗಸಜ್ಜಿಕೆ ಮತ್ತು ಪರಿಕರ. ತಪ್ಪು ತುಂಬಾ ಸುಲಭವಾಗಿ ನುಸುಳುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

‘ಹಳೇ ಮಂಗಳೂರು’ ಅಂದರೆ ನಮ್ಮ ಕಣ್ಣಿಗೆ ಬರುವುದು ಕೆಂಪು ಹಂಚಿನ ಮಾಡು. ಆದರೆ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದದ್ದು 1860ರ ದಶಕದಲ್ಲಿ. 1837ರ ಮನೆಗೆ ಆ ಹಂಚು ಹೊದಿಸುವ ಹಾಗಿಲ್ಲ. ಮುಳಿಹುಲ್ಲು, ತೆಂಗಿನ ಮಡಲು ಹಾಕಿ. ಬಾವುಟಗುಡ್ಡದ ಮೇಲೆ ಈಗ ಕಾಣುವ ಸಂತ ಅಲೋಶಿಯಸ್ ಕಾಲೇಜು 1880ರದ್ದು, ಹಿಂದಿನ ಪರದೆಯಲ್ಲಿ ಅದರ ನೆರಳೂ ಬರಬಾರದು. ಯಾರೋ ಓಡಿ ಬಂದು ಪೇಪರಿನಲ್ಲಿ ಸುದ್ದಿ ಬಂದಿದೆ ಅನ್ನುವ ಹಾಗೂ ಇಲ್ಲ. ‘ಮಂಗಳೂರ ಸಮಾಚಾರ’ ಹೊರಟದ್ದು 1843ರಲ್ಲಿ, ಅದು ಕನ್ನಡದ ಮೊದಲ ಪತ್ರಿಕೆ. ಹಾಗಾದರೆ 1837ರಲ್ಲಿ ಸುದ್ದಿ ಹೇಗೆ ಹರಡಿತು? ಓಲೆ, ಡಂಗುರ, ಸಂತೆ, ದೋಣಿಯವರ ಬಾಯಿ. ಪತ್ರಿಕೆ ತೆಗೆದುಹಾಕಿದ ಜಾಗದಲ್ಲಿ ನಾಟಕಕ್ಕೆ ನಾಲ್ಕು ಜೀವಂತ ಪಾತ್ರ ಸಿಗುತ್ತವೆ. ಸರಿಯಾದ ಮಾಹಿತಿ ಕಲ್ಪನೆಯನ್ನು ಕಟ್ಟಿಹಾಕುತ್ತದೆ ಅಂತ ಭಯಪಡುವವರಿಗೆ ನಾನು ಯಾವಾಗಲೂ ಕೊಡುವ ಉದಾಹರಣೆ ಇದು.

ಕಲೆಕ್ಟರ್ ಕಚೇರಿಯ ಗೋಡೆಗೆ ಪಟ ಬೇಕು ಅಂದರೆ ಕೈ ತಾನಾಗಿ ವಿಕ್ಟೋರಿಯಾ ರಾಣಿಯ ಪಟ ಹುಡುಕುತ್ತದೆ. ಆಕೆ ರಾಣಿಯಾದದ್ದು 1837ರ ಜೂನ್ 20ಕ್ಕೆ. ಏಪ್ರಿಲಿನಲ್ಲಿ ಇನ್ನೂ ನಾಲ್ಕನೇ ವಿಲಿಯಂ ದೊರೆ. ಬೆಳ್ಳಾರೆಯ ಖಜಾನೆ ಒಡೆಯುವ ದೃಶ್ಯದಲ್ಲಿ ಚೆಲ್ಲುವ ನಾಣ್ಯಕ್ಕೂ ಇದೇ ಲೆಕ್ಕ. 1835ರಿಂದ ಕಂಪನಿ ಹೊರಡಿಸಿದ ಬೆಳ್ಳಿ ರೂಪಾಯಿಯಲ್ಲಿ ಇರುವುದು ವಿಲಿಯಂನ ತಲೆ. ಹತ್ತನೇ ಸಾಲಿನಲ್ಲಿ ಕೂತವರಿಗೆ ಅದು ಕಾಣುವುದಿಲ್ಲ, ನಿಜ. ಆದರೆ ಆ ನಾಣ್ಯವನ್ನು ಕೈಯಲ್ಲಿ ಹಿಡಿಯುವ ನಟನಿಗೆ ಕಾಣುತ್ತದೆ. ಭತ್ತ ಅಳೆದು ಕೊಟ್ಟು ಅಭ್ಯಾಸವಿದ್ದ ರೈತ ಈ ಬಿಳಿ ದೊರೆಯ ತಲೆಯನ್ನು ಎಲ್ಲಿಂದ ತರಬೇಕು? ಆ ಸಿಟ್ಟು ನಟನಿಗೆ ಬೆರಳಿನಿಂದ ಹತ್ತಬೇಕು.

ವಸ್ತ್ರದಲ್ಲಿ ಒಂದೇ ದೊಡ್ಡ ಎಚ್ಚರಿಕೆ, ಖಾಕಿ ಬೇಡ. ಪೊಲೀಸ್, ಸಿಪಾಯಿ ಅಂದ ಕೂಡಲೇ ನಾವು ಬಾಡಿಗೆ ಅಂಗಡಿಯಿಂದ ಖಾಕಿ ತರುತ್ತೇವೆ. ಖಾಕಿ ಬಣ್ಣದ ಬಟ್ಟೆಯನ್ನು ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಮಾಡಿದ್ದು 1850ರ ದಶಕದಲ್ಲಿ, ಅದೂ ಇದೇ ಊರಿನಲ್ಲಿ. 1837ರ ಕಂಪನಿ ಸಿಪಾಯಿಗೆ ಕೆಂಪು ಕೋಟು. ರಂಗದ ಮೇಲೆ ಇದರಿಂದ ಎಷ್ಟು ಲಾಭ ನೋಡಿ. ಮಣ್ಣು ಬಣ್ಣದ ಬಟ್ಟೆ ಉಟ್ಟ ರೈತರ ನಡುವೆ ನಾಲ್ಕೇ ಕೆಂಪು ಕೋಟು ಬಂದರೂ ಕಣ್ಣಿಗೆ ಚುಚ್ಚುತ್ತದೆ. ನಲವತ್ತು ಜನರ ಸೈನ್ಯ ತೋರಿಸುವ ಖರ್ಚು ಉಳಿಯಿತು.

ಪ್ರಸಾಧನದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಗಡ್ಡ ಮೀಸೆ ಅಂಟಿಸುವ ಮೊದಲು ಏಪ್ರಿಲಿನ ಕರಾವಳಿಯ ಬೆವರನ್ನು ನೆನಪಿಡಿ. ಹೊಳಪಿನ ಪೌಡರ್ ಮುಖದ ರೈತ ಯಾರಿಗೂ ಬೇಡ.

ಬೆಳಕು ನನಗೆ ತುಂಬಾ ಇಷ್ಟದ ಭಾಗ. ರಾತ್ರಿಯ ದೃಶ್ಯ ಅಂದರೆ ದೀಪದ ಮುಂದೆ ನೀಲಿ ಜೆಲ್ (ಬಣ್ಣದ ತೆಳು ಹಾಳೆ) ಹಾಕಿ ಇಡೀ ರಂಗಕ್ಕೆ ಬೆಳದಿಂಗಳು ಚೆಲ್ಲುವುದು ನಮ್ಮ ರೂಢಿ. 1837ರ ಏಪ್ರಿಲ್ 5ಕ್ಕೆ ಹಿಂದಕ್ಕೆ ಲೆಕ್ಕ ಹಾಕಿ ನೋಡಿದರೆ ಅದು ಅಮಾವಾಸ್ಯೆಯ ಹೊತ್ತು. ದಂಡು ಮಂಗಳೂರು ಹೊಕ್ಕ ರಾತ್ರಿ ಆಕಾಶದಲ್ಲಿ ಚಂದ್ರನೇ ಇಲ್ಲ! ನೀಲಿ ಬೆಳಕು ಸುಳ್ಳಾಗುತ್ತದೆ. ಬೇಕಾದದ್ದು ಕತ್ತಲೆ, ಸೂಟೆಯ ಬೆಂಕಿ, ಅಂಬರ್ ಬಣ್ಣದ ಒಂದೆರಡು ಕೆಳಗಿನ ಬೆಳಕು. ಮನೆಯೊಳಗೆ ಸೀಮೆಎಣ್ಣೆ ದೀಪವೂ ಇಲ್ಲ, ಅದು ಬಂದದ್ದು ತಡವಾಗಿ. ತೆಂಗಿನೆಣ್ಣೆ, ಹೊನ್ನೆ ಎಣ್ಣೆಯ ಸಣ್ಣ ಕುಡಿ ಮಾತ್ರ. ಹದಿಮೂರು ದಿನ ಕಳೆದು ಕಂಪನಿಯ ಸೈನ್ಯ ಊರನ್ನು ವಾಪಸು ಪಡೆಯುವ ಹೊತ್ತಿಗೆ ಹುಣ್ಣಿಮೆ ಹತ್ತಿರವಾಗಿತ್ತು. ಗೆದ್ದು ಬಂದ ರಾತ್ರಿ ಕಗ್ಗತ್ತಲು, ಸೋತು ಓಡಿ ಹೋಗುವ ರಾತ್ರಿ ಬೆಳದಿಂಗಳು. ಅಡಗಿಕೊಳ್ಳಲು ಜಾಗವಿಲ್ಲದ ಬೆಳಕು ಅದು. ಯಾವ ವಿನ್ಯಾಸಕರೂ ಇದಕ್ಕಿಂತ ಒಳ್ಳೆಯ ವಿನ್ಯಾಸ ಕೂತು ಯೋಚಿಸಿ ಮಾಡಲಾರರು. ನಡುವಿನ ದಿನಗಳಲ್ಲೇ ತುಳುವರ ಹೊಸ ವರ್ಷದ ಬಿಸು ಹಬ್ಬವೂ ಬಂದಿರುತ್ತದೆ. ಕಣಿ ಇಟ್ಟ ಮನೆಯವರು ಆ ವರ್ಷ ಏನು ಬೇಡಿಕೊಂಡಿರಬಹುದು? ಬೆಳಕಿನವರು ಪಂಚಾಂಗ ನೋಡಿದ್ದರಿಂದ ನಾಟಕಕಾರರಿಗೆ ಒಂದು ದೃಶ್ಯ ಸಿಕ್ಕಿತು. ತಂಡ ಅಂದರೆ ನನಗೆ ಇದೇ.

ಸಂಗೀತಕ್ಕೆ ಬಂದರೆ ಹಾರ್ಮೋನಿಯಂ ಪ್ರಶ್ನೆ ಏಳುತ್ತದೆ. ಪ್ಯಾರಿಸಿನಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1842ರಲ್ಲಿ. ಹಾಗಂತ ಮೇಳದಲ್ಲಿ ಇಡಲೇಬಾರದು ಅಂತ ನಾನು ಹೇಳುವುದಿಲ್ಲ. ಮೇಳ ಇರುವುದು ನಮ್ಮ ಕಾಲದಲ್ಲಿ, ಪ್ರೇಕ್ಷಕರ ಪಕ್ಕದಲ್ಲಿ. ಪಾತ್ರದ ಕೈಯಲ್ಲಿ, ದೃಶ್ಯದ ಒಳಗೆ ಮಾತ್ರ ಅದು ಇರಬಾರದು. ಒಳಗಿನ ಸದ್ದು ಮತ್ತು ಹೊರಗಿನ ಸದ್ದು ಅಂತ ಎರಡು ಪಟ್ಟಿ ಮಾಡಿಕೊಂಡರೆ ಗೊಂದಲ ಕಳೆಯುತ್ತದೆ. ಒಳಗಿನ ಪಟ್ಟಿಗೆ ಡೋಲು, ಕೊಂಬು, ತೆಂಬರೆ, ತುಳುವಿನ ಕತೆಹಾಡಾದ ಪಾಡ್ದನ, ಕಡಲಿನ ಸದ್ದು. ಬಂಟ್ವಾಳದ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು ಕಲ್ಲು, ಕೋಲು, ಪಾತ್ರೆಗಳಿಂದಲೂ ರಂಗಸಂಗೀತ ಹೊರಡಿಸಿದವರು. ಈ ಊರಿನಲ್ಲಿ ನಾಟಕಕ್ಕೆ ಸದ್ದು ಹುಡುಕುವವರು ಕೀಬೋರ್ಡಿನ ರೆಡಿಮೇಡ್ ಟ್ರ್ಯಾಕಿನಿಂದ ಶುರು ಮಾಡಿದರೆ ನನಗೆ ಬೇಸರವಾಗುತ್ತದೆ.

ಇಷ್ಟು ಜನ ಇಷ್ಟು ಕಡೆಯಿಂದ ಎಳೆಯುವಾಗ ನಿರ್ದೇಶಕರ ಕೆಲಸ ಆರಿಸುವುದು, ಬಿಡುವುದು. ಎಲ್ಲ ಮಾಹಿತಿಯನ್ನೂ ತುರುಕಿದರೆ ನಾಟಕ ಭಾಷಣವಾಗುತ್ತದೆ. 1944ರಲ್ಲಿ ಬಿಜನ್ ಭಟ್ಟಾಚಾರ್ಯ ಬರೆದ ‘ನಬಾನ್ನ’ವನ್ನು ಇಪ್ಟಾ (ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್) ತಂಡ ಕಲ್ಕತ್ತೆಯಲ್ಲಿ ಆಡಿತು. ಹಿಂದಿನ ವರ್ಷದ ಬಂಗಾಳದ ಬರಗಾಲವೇ ವಸ್ತು. ಭಟ್ಟಾಚಾರ್ಯರ ಜೊತೆ ಶಂಭು ಮಿತ್ರ ನಿರ್ದೇಶನ ಮಾಡಿದರು. ಹಿಂದೆ ಬಣ್ಣದ ಪರದೆ ಇಳಿಬಿಡುವ ಕಾಲದಲ್ಲಿ ಅವರು ಗೋಣಿಬಟ್ಟೆ ಕಟ್ಟಿದರು. ಅನ್ನವಿಲ್ಲದೆ ಸತ್ತವರ ಕತೆಗೆ ಅಕ್ಕಿ ತುಂಬುವ ಗೋಣಿ. ನಿರ್ದೇಶನ ಅಂದರೆ ಇಂಥ ಒಂದು ಆಯ್ಕೆ ಸಿಗುವವರೆಗೆ ಹುಡುಕುವುದು.

ಕಲ್ಪನೆಗೆ ಎಷ್ಟು ಜಾಗ? ಮರಾಠಿ ನಾಟಕಕಾರ ವಿಜಯ್ ತೆಂಡೂಲ್ಕರ್ ‘ಘಾಶೀರಾಮ್ ಕೋತ್ವಾಲ್’ ಬರೆದಾಗ ಪುಣೆಯಲ್ಲಿ ಪೇಶ್ವೆಗಳ ಮಂತ್ರಿಯಾಗಿದ್ದ ನಾನಾ ಫಡ್ನವೀಸರಿಗೆ ಅವಮಾನವಾಯಿತು ಅಂತ ದೊಡ್ಡ ಗದ್ದಲ ಎದ್ದಿತು. ಇದು ಐತಿಹಾಸಿಕ ನಾಟಕವಲ್ಲ ಅಂತ ತೆಂಡೂಲ್ಕರ್ ಸ್ಪಷ್ಟವಾಗಿಯೇ ಹೇಳಿದ್ದರು. ಹಾಗೆ ಹೇಳುವುದು ಒಂದು ಪ್ರಾಮಾಣಿಕ ದಾರಿ. ‘ನಿಜ ಘಟನೆ’ ಅಂತ ಪೋಸ್ಟರ್ ಹಾಕಿ ಒಳಗೆ ಬೇಕಾದ ಹಾಗೆ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ. ಹುಟ್ಟಿಸಿದ ಪಾತ್ರಗಳಿದ್ದರೆ ಕರಪತ್ರದಲ್ಲಿ ಹೆಸರು ಹೇಳಿ ತಿಳಿಸಬೇಕು. 1837ರಲ್ಲಿ ಗಲ್ಲಿಗೆ ಕೊರಳು ಕೊಟ್ಟವರ ಮೊಮ್ಮಕ್ಕಳ ಮೊಮ್ಮಕ್ಕಳು ಇಲ್ಲೇ ಸುಳ್ಯದಲ್ಲಿ, ಪುತ್ತೂರಿನಲ್ಲಿ ಇದ್ದಾರೆ. 2022ರಲ್ಲಿ ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು ಆ ನೆನಪು ಇನ್ನೂ ಬಿಸಿಯಾಗಿರುವುದಕ್ಕೇ.

ಆದ್ದರಿಂದ ಪುರಭವನದ ಪ್ರದರ್ಶನಕ್ಕೆ ಮೊದಲು ಒಂದು ಪೂರ್ತಿ ರಿಹರ್ಸಲ್ ಸುಳ್ಯದಲ್ಲಿ ಆಗಲಿ. ಸೆಟ್ ಬೇಡ, ಲೈಟ್ ಬೇಡ, ಯಾವುದಾದರೂ ಶಾಲೆಯ ಹಾಲ್ ಸಾಕು. ಆ ಮನೆತನಗಳ ಹಿರಿಯರನ್ನು ಕರೆಯಿರಿ. ನಾಟಕಕಾರರಿಂದ ಹಿಡಿದು ಪರಿಕರ ಹೊರುವ ಹುಡುಗರವರೆಗೆ ಎಲ್ಲರೂ ನೋಟ್ ಪುಸ್ತಕ ಹಿಡಿದು ಕೂತಿರಿ. ನಾಟಕ ಮುಗಿದ ಮೇಲೆ ಅವರು ಮಾತಾಡಲಿ, ತಂಡ ಕೇಳಿಸಿಕೊಳ್ಳಲಿ. ‘ನಮ್ಮ ಅಜ್ಜ ಕತ್ತಿಯನ್ನು ಹಾಗೆ ಹಿಡಿಯುತ್ತಿರಲಿಲ್ಲ’ ಅಂತ ಒಬ್ಬರು ಎದ್ದು ಹೇಳಿದರೆ, ಹೇಗೆ ಹಿಡಿಯುತ್ತಿದ್ದರು ಅಂತ ಅವರ ಕೈಗೇ ಕತ್ತಿ ಕೊಟ್ಟು ಕೇಳಿ.